ಕಾರಣ ಎಂಬ ಖಾನೆ

ರಾತ್ರಿ ಒಂಬತ್ತೂವರೆಗೆ ಮಾಲೂರಿನಿಂದ ಫೋನು.
"ಕಮರ್ ಮೇಡಂ, ಗೇರ್‌ಬಾಕ್ಸು ಕೆಮ್ತೈತೆ."
ಎಷ್ಟು ಬಿಸಿ ಎಂದೆ. "ಕೈ ಇಡಕಾಗಲ್ಲ."
ಎಣ್ಣೆಯ ಬಣ್ಣ? ಒಂದು ಗಳಿಗೆ ಸುಮ್ಮನಿದ್ದು
"ಮೂರನೇ ಸಲ ಕುದಿಸಿದ ಕಾಫಿ" ಅಂದರು ಬ್ಯಾಟಪ್ಪ.
ನನ್ನ ಪಟ್ಟಿಯಲ್ಲಿ ಆ ಬಣ್ಣಕ್ಕೆ ನಂಬರಿಲ್ಲ.
ಆದರೂ ಗೊತ್ತಾಯಿತು.

ಕೋಲಾರದಿಂದ ಬೆಳಗಿನ ಮೊದಲ ಬಸ್ಸು. ಮಡಿಲಲ್ಲಿ ಚೀಲ:
ಸ್ಯಾಂಪಲ್ ಬಾಟಲಿ ಆರು, ಕೈಪಂಪು, ನಳಿಕೆ,
ಬಿಸಿ ಅಳೆಯುವ ಗನ್ನು, ಅಮ್ಮಿ ಕಟ್ಟಿಕೊಟ್ಟ ಪರೋಟ.
ಪಕ್ಕದ ಹೆಂಗಸು ಕೇಳಿದಳು, ನರ್ಸಾ?
ಹೂಂ ಅಂದೆ. ಪೂರ್ತಿ ಸುಳ್ಳೇನಲ್ಲ.

ಹೆಂಚಿನ ಕಾರ್ಖಾನೆ. ಎರಡು ಚಿಮಣಿ, ಒಂದಕ್ಕೇ ಹೊಗೆ.
ಕೆರೆಮಣ್ಣು ಅರೆದು ಅರೆದು ಹೊರಗೆ ನೂಕುವ ಯಂತ್ರ
ನಿಂತಿತ್ತು, ಬಾಯಲ್ಲಿ ಅರ್ಧ ತುತ್ತು ಇಟ್ಟುಕೊಂಡು.
ಎಲ್ಲದರ ಮೇಲೂ ಕೆಂಧೂಳು: ಸ್ವಿಚ್ಚು, ಕ್ಯಾಲೆಂಡರು,
ಬ್ಯಾಟಪ್ಪನವರ ಹುಬ್ಬು.

ಒಂದು ಹನಿ ಎಣ್ಣೆ ಬೆರಳಿಗೆ ಹಚ್ಚಿ
ನಶ್ಯ ಏರಿಸುವ ಮುಂಚಿನ ಹಾಗೆ ಉಜ್ಜಿದರು.
"ಮಣ್ಣು ತಿಂದೈತೆ."
ನಾನು ಬಾಟಲಿ ತುಂಬಿ, ಚೀಟಿ ಅಂಟಿಸಿ, ಲ್ಯಾಬಿಗೆ ಕಳಿಸಿದೆ.
ನಾಲ್ಕು ದಿನಕ್ಕೆ ಉತ್ತರ ಬಂತು:
ಸಿಲಿಕಾನ್ ನೂರ ಎಂಬತ್ತು, ಕಬ್ಬಿಣ ಮುನ್ನೂರ ಹತ್ತು.
ಅಂದರೆ, ಮಣ್ಣು ತಿಂದಿದೆ.

ಆದರೆ ಅವತ್ತೇ ಏಣಿ ಹತ್ತಿ ನೋಡಿದ್ದೆ.
ಗೇರ್‌ಬಾಕ್ಸಿನ ನೆತ್ತಿಯಲ್ಲಿ ಬ್ರೀದರ್ ಇರಬೇಕಿತ್ತು,
ನೆಲ್ಲಿಕಾಯಿ ಗಾತ್ರದ್ದು, ಯಂತ್ರದ ಮೂಗು.
ಅಲ್ಲಿದ್ದದ್ದು ಬಟ್ಟೆ. ಹಸಿರು ಅಂಚು, ತಂತಿ ಸುತ್ತಿ ಬಿಗಿದದ್ದು.
"ನಮ್ಮನೆಯೋಳ ಹಳೇ ಸೀರೆ," ಕೇಳುವ ಮೊದಲೇ ಹೇಳಿದರು,
"ಎರಡು ಪದರ ಮಾಡಿದ್ದೆ. ವಾರಕ್ಕೊಂದ್ಸಲ ಒಗೀತಿದ್ದೆ."

ಬಿಸಿಯಾದಾಗ ಯಂತ್ರ ಉಸಿರು ಬಿಡುತ್ತದೆ,
ತಣ್ಣಗಾದಾಗ ಎಳೆದುಕೊಳ್ಳುತ್ತದೆ.
ರಾತ್ರಿ ರಾತ್ರಿಯೂ ಈ ಇಡೀ ಶೆಡ್ಡನ್ನು ಎಳೆದುಕೊಂಡಿದೆ.
ಕಣ್ಣಿಗೆ ಕಾಣದಷ್ಟು ಸಣ್ಣ ಮಣ್ಣಿಗೆ
ಸೀರೆ ಅಂದರೆ ಹೆಬ್ಬಾಗಿಲು.

ನಮ್ಮ ವರದಿಯಲ್ಲಿ ಒಂದು ಖಾನೆ ಇದೆ: ಕಾರಣ.
ಮಾಲೀಕರ ಮಗ ಮೊಬೈಲಿನಿಂದ ತಲೆ ಎತ್ತದೆ
"ಬಟ್ಟೆ ಕಟ್ಟಿದ್ದು ಯಾರು, ಬರೀರಿ" ಅಂದ.
ಸೇಲ್ಸಿನ ಧನಪಾಲ್ ಫೋನಿನಲ್ಲಿ,
"ಎಣ್ಣೆದು ತಪ್ಪಿಲ್ಲ ಅಂತ ಅಷ್ಟೇ ಬರಿ.
ವರ್ಷಕ್ಕೆ ಎಂಟು ಬ್ಯಾರಲ್ ಗಿರಾಕಿ, ನೆನಪಿರಲಿ."
ಬ್ಯಾಟಪ್ಪ ಏನೂ ಅನ್ನಲಿಲ್ಲ.
ಬೀರುವಿನಿಂದ ಇಂಡೆಂಟು ಪುಸ್ತಕ ತೆಗೆದು
ನನ್ನ ಪರೋಟದ ಡಬ್ಬಿಯ ಪಕ್ಕ ಇಟ್ಟು
ಟೀ ತರಲು ಹೋದರು.

ಫೆಬ್ರವರಿ ಎರಡು: ಬ್ರೀದರ್ ಒಂದು.
ಮಾರ್ಚ್ ಹತ್ತೊಂಬತ್ತು: ಬ್ರೀದರ್ ಒಂದು, ಅರ್ಜೆಂಟು.
ಜೂನ್ ಏಳು: ಬ್ರೀದರ್. ಕೆಳಗೆ ಎರಡು ಗೆರೆ,
ಎರಡನೆಯದು ಹಾಳೆ ಹರಿಯುವಷ್ಟು ಒತ್ತಿ.
ಬೆಲೆ ಮುನ್ನೂರ ನಲವತ್ತು ರೂಪಾಯಿ.
ಪ್ರತಿ ಸಾಲಿನ ಎದುರಿಗೂ ಹಸಿರು ಇಂಕಿನಲ್ಲಿ: ನೋಡೋಣ.

ಖಾನೆಯಲ್ಲಿ ಮೂರು ತಾರೀಖು ಬರೆದೆ.
ಬೇರೆ ಒಂದಕ್ಷರ ಇಲ್ಲ.
ಹಳೆ ಎಣ್ಣೆ ಇಳಿಸಿ, ತೊಳೆದು, ಹೊಸದು ಹೊಯ್ದೆವು.
ಡೆಮೋಗೆಂದು ಚೀಲದ ತಳದಲ್ಲಿದ್ದ ಬ್ರೀದರನ್ನು
ಬ್ಯಾಟಪ್ಪ ತಾವೇ ತಿರುಗಿಸಿ ಕೂರಿಸಿದರು.
ಸೀರೆಯ ತುಂಡನ್ನು ಎಸೆಯಲಿಲ್ಲ,
ಕೊಡವಿ, ಮಡಿಸಿ, ಜೇಬಿಗೆ ಹಾಕಿಕೊಂಡರು.

ಬೇರಿಂಗಿನ ಖರ್ಚು ಯಾರ ಲೆಕ್ಕಕ್ಕೆ ಹೋಯಿತೋ ನಾನು ಕೇಳಲಿಲ್ಲ.
ಕೇಳಬೇಕಿತ್ತು.
ಧನಪಾಲ್ ಒಂದು ವಾರ ಮಾತು ಬಿಟ್ಟ.

ಮೊನ್ನೆ ರಾತ್ರಿ ಮತ್ತೆ ಅದೇ ನಂಬರು.
"ತೊಂದ್ರೆ ಏನಿಲ್ಲ ಮೇಡಂ. ಸುಮ್ನೆ. ಕೇಳಿ."
ಫೋನನ್ನು ಯಂತ್ರದ ಹತ್ತಿರ ಹಿಡಿದರು.
ದೂರದಲ್ಲಿ ಯಾರೋ ನುಣ್ಣಗೆ ರಾಗಿ ಬೀಸಿದ ಹಾಗೆ.
ಎರಡು ನಿಮಿಷ ನಾವಿಬ್ಬರೂ ಮಾತಾಡಲಿಲ್ಲ.

ಬಂದ ಪ್ರತಿ ಕರೆಯನ್ನೂ ದಾಖಲಿಸಬೇಕು, ಅದು ನಿಯಮ.
ದೂರಿನ ವಿಧ ಯಾವುದೆಂದು ಕಂಪ್ಯೂಟರು ಕೇಳಿತು.
ಸೋರಿಕೆ, ಬಿಸಿ, ಶಬ್ದ, ನೊರೆ, ವಾಸನೆ.
ಕೊನೆಯಲ್ಲಿದ್ದ 'ಇತರೆ' ಒತ್ತಿ
ದೀಪ ಆರಿಸಿದೆ.